ರ್‍ಯಾಂಡಮ್ ಗುಂಪು ಮಾಡುವ ಕ್ವೆರಿ ಕೈಕೊಟ್ಟರೆ: ಎಣಿಕೆ ನೋಡಿ ದೋಷ ಹಿಡಿಯುವುದು

ಡೇಟಾಬೇಸಿನ ಒಂದು ಟೇಬಲ್‌ನಲ್ಲಿ ಹೆಸರುಗಳಿವೆ. ಅವನ್ನು ನಾಲ್ಕು ಗುಂಪಿಗೆ ಹಂಚಬೇಕು. ಯಾರು ಎಲ್ಲಿಗೆ ಎಂದು ಯಾರೂ ತೀರ್ಮಾನ ಮಾಡಬಾರದು, ಕ್ವೆರಿಯೇ (ಡೇಟಾಬೇಸ್‌ಗೆ ಎಸ್‌ಕ್ಯುಎಲ್ ಭಾಷೆಯಲ್ಲಿ ಬರೆಯುವ ಆದೇಶ) ರ್‍ಯಾಂಡಮ್ ಆಗಿ ಹಂಚಬೇಕು. ಕೇಳೋಕೆ ಒಂದು ಸಾಲಿನ ಕೆಲಸ. ಆದರೆ ಈ ಒಂದು ಸಾಲು ಕೈಕೊಡುವಷ್ಟು ಬಗೆಬಗೆಯಾಗಿ ಬೇರೆ ಕ್ವೆರಿಗಳು ಕೈಕೊಡುವುದಿಲ್ಲ. ಅದೂ ಎರರ್ ಏನೂ ತೋರಿಸದೆ, ಸುಮ್ನೆ ತಪ್ಪು ಉತ್ತರ ಕೊಟ್ಟು ಕೂತಿರುತ್ತದೆ.

ಉದಾಹರಣೆಗೆ ಪುಣೆಯ ಒಂದು ಕನ್ನಡ ಬಳಗದ ಪಟ್ಟಿ ಇಟ್ಟುಕೊಳ್ಳೋಣ. ರಾಜ್ಯೋತ್ಸವದ ಆಟೋಟಕ್ಕೆ 640 ಜನ ಹೆಸರು ಕೊಟ್ಟಿದ್ದಾರೆ. ತಂಡ ನಾಲ್ಕು: ಕಾವೇರಿ, ಕೃಷ್ಣಾ, ತುಂಗಾ, ಶರಾವತಿ. ಇದ್ದೂರಿನ ಮುಳಾ, ಮುಠಾ ನದಿಗಳು ಏನು ಪಾಪ ಮಾಡಿದ್ದವೋ, ಸಮಿತಿಯವರು ಒಪ್ಪಲಿಲ್ಲ. ಟೇಬಲ್ ಹೆಸರು 'ಸದಸ್ಯರು'. ಅದರಲ್ಲಿ ಐಡಿ, ಹೆಸರು, ಬಡಾವಣೆ, ತಂಡ ಎಂಬ ಕಾಲಂಗಳಿವೆ. ತಂಡದ ಕಾಲಂನಲ್ಲಿ 1ರಿಂದ 4ರವರೆಗಿನ ಅಂಕಿ ಬರಬೇಕು. ಕ್ವೆರಿಯ ಪದಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿಕೊಳ್ಳಿ.

ದೋಷ ಹುಡುಕುವಾಗ ಹೆಚ್ಚಿನವರು ಮೊದಲು ಕ್ವೆರಿಯನ್ನೇ ತಿದ್ದಲು ಕೂರುತ್ತಾರೆ. ಬೇಡ. ಮೊದಲು ಯಾವ ತಂಡದಲ್ಲಿ ಎಷ್ಟು ಜನ ಎಂದು ಎಣಿಸಿ:

ಸೆಲೆಕ್ಟ್ ತಂಡ, ಕೌಂಟ್(*) ಫ್ರಮ್ ಸದಸ್ಯರು ಗ್ರೂಪ್ ಬೈ ತಂಡ

ಒಂದೊಂದು ತಪ್ಪೂ ಈ ಎಣಿಕೆಯಲ್ಲಿ ತನ್ನದೇ ಗುರುತು ಬಿಡುತ್ತದೆ. ಅಂಕಿ ನೋಡಿದ ಕೂಡಲೇ ಕ್ವೆರಿಯ ಯಾವ ಜಾಗಕ್ಕೆ ಕೈ ಹಾಕಬೇಕು ಎಂದು ಗೊತ್ತಾಗುತ್ತದೆ.

640, 0, 0, 0

ಬಳಗದ ಲೆಕ್ಕ ನೋಡುವ ಹುಡುಗ ಬೆಳಗಾವಿ ಕಡೆಯವನು. ಅವನಿಂದ ಬಂದ ಮೆಸೇಜ್ ಹೀಗಿತ್ತು: "ಅಣ್ಣಾ, ಎಲ್ಲಾರೂ ಕಾವೇರಿಗೇ ಬಂದು ಕುಂತಾರ ನೋಡ್ರಿ. ಉಳಿದ ಮೂರು ಟೀಮಿನಾಗ ಒಬ್ಬರೂ ಇಲ್ಲ."

ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ. ಕಾರಣ ಮಾತ್ರ ಒಂದೇ ಅಲ್ಲ. ಬೇರ್ಪಡಿಸಲು ಒಂದು ಸುಲಭದ ದಾರಿ ಇದೆ: ಅದೇ ಕ್ವೆರಿಯನ್ನು ಇನ್ನೂ ನಾಲ್ಕಾರು ಸಲ ಓಡಿಸಿ. ಎಲ್ಲರೂ ಒಮ್ಮೆ ಕಾವೇರಿಗೆ, ಇನ್ನೊಮ್ಮೆ ಶರಾವತಿಗೆ, ಹೀಗೆ ಒಟ್ಟಿಗೇ ಜಾಗ ಬದಲಿಸುತ್ತಿದ್ದಾರಾ? ಅಥವಾ ಪ್ರತಿ ಸಲವೂ ಅದೇ ತಂಡವಾ?

ಒಟ್ಟಿಗೇ ಬದಲಾಗುತ್ತಿದ್ದರೆ, ರ್‍ಯಾಂಡಮ್ ಸಂಖ್ಯೆ ಇಡೀ ಕ್ವೆರಿಗೆ ಒಂದೇ ಸಲ ಹುಟ್ಟುತ್ತಿದೆ, ಸಾಲಿಗೊಂದು ಹುಟ್ಟುತ್ತಿಲ್ಲ. ಎಸ್‌ಕ್ಯುಎಲ್ ಸರ್ವರ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗಳು ಇಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ರ್‍ಯಾಂಡ್() ಇರುವುದೇ ಹಾಗೆ. ಕ್ವೆರಿ ಶುರುವಾಗುವಾಗ ಒಮ್ಮೆ ಲೆಕ್ಕ ಹಾಕಿ, ಅದೇ ಬೆಲೆಯನ್ನು 640 ಸಾಲಿಗೂ ಹಚ್ಚುತ್ತದೆ. ಅಲ್ಲಿ ಸಾಲಿಗೊಂದು ಹೊಸ ಬೆಲೆ ಕೊಡುವುದು ನ್ಯೂಐಡಿ(). ಮೈಎಸ್‌ಕ್ಯುಎಲ್‌ನಲ್ಲಿ ರ್‍ಯಾಂಡ್(), ಪೋಸ್ಟ್‌ಗ್ರೆಸ್‌ನಲ್ಲಿ ರ್‍ಯಾಂಡಮ್() ಸಾಲಿಗೊಂದು ಬೆಲೆ ಕೊಡುತ್ತವೆ. ಹಾಗಾಗಿ ಒಂದರಲ್ಲಿ ಚೆನ್ನಾಗಿ ಓಡಿದ ಕ್ವೆರಿಯನ್ನು ಇನ್ನೊಂದಕ್ಕೆ ಎತ್ತಿ ಹಾಕಿದಾಗ ಈ ಪೇಚು ಜಾಸ್ತಿ.

ಪೋಸ್ಟ್‌ಗ್ರೆಸ್‌ನಲ್ಲೂ ಇದೇ ಆಗಬಹುದು, ಆದರೆ ಬೇರೆ ದಾರಿಯಲ್ಲಿ. ಸೆಟ್ ತಂಡ = (ಸೆಲೆಕ್ಟ್ ಐಡಿ ಫ್ರಮ್ ತಂಡಗಳು ಆರ್ಡರ್ ಬೈ ರ್‍ಯಾಂಡಮ್() ಲಿಮಿಟ್ 1) ಎಂದು ಬರೆಯುವವರು ಬಹಳ. ಓದಿದರೆ ಸರಿಯಾಗೇ ಇದೆ ಅನ್ನಿಸುತ್ತದೆ. ಆದರೆ ಆವರಣದೊಳಗಿನ ಕ್ವೆರಿಗೂ ಹೊರಗಿನ ಸಾಲಿಗೂ ಯಾವ ನಂಟೂ ಇಲ್ಲ. ಡೇಟಾಬೇಸ್ ಅದನ್ನು ಒಂದೇ ಸಲ ಓಡಿಸಿ ಉತ್ತರ ಎತ್ತಿಟ್ಟುಕೊಳ್ಳುತ್ತದೆ. ಆ ಉತ್ತರವೇ ಎಲ್ಲರಿಗೂ ಹೋಗುತ್ತದೆ. ಒಳಗಿನ ಕ್ವೆರಿಯಲ್ಲಿ ಹೊರಗಿನ ಸಾಲಿನ ಐಡಿಯನ್ನು ಹೇಗೋ ತುರುಕಿ ನಂಟು ಕಟ್ಟಬಹುದು, ಕೆಲಸವೂ ಆಗುತ್ತದೆ. ನನಗೆ ಆ ಉಪಾಯ ಹಿಡಿಸುವುದಿಲ್ಲ. ಆರು ತಿಂಗಳ ನಂತರ ಯಾರೋ ಆ ಷರತ್ತು ದಂಡಕ್ಕೆ ಇದೆ ಎಂದುಕೊಂಡು ಅಳಿಸುತ್ತಾರೆ. ಆವರಣವನ್ನೇ ಬಿಟ್ಟು, ನೇರವಾಗಿ ಫ್ಲೋರ್(ರ್‍ಯಾಂಡಮ್() * 4) + 1 ಎಂದು ಬರೆಯುವುದು ವಾಸಿ: 0ರಿಂದ 1ರೊಳಗಿನ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ, ಫ್ಲೋರ್‌ನಿಂದ ದಶಾಂಶ ಬಿಟ್ಟು, ಒಂದು ಕೂಡಿಸುವುದು.

ಇನ್ನು ಪ್ರತಿ ಸಲ ಅದೇ ತಂಡ ಬರುತ್ತಿದ್ದರೆ, ಅದು ಯಾವ ತಂಡ ಎಂದು ನೋಡಿ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಎಲ್ಲರೂ ತುಂಗಾಕ್ಕೇ, ಅಂದರೆ 3ಕ್ಕೇ ಹೋಗುತ್ತಿದ್ದರೆ ಯಾರೋ ರ್‍ಯಾಂಡ್(ಐಡಿ) ಎಂದು ಬರೆದಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಆವರಣದಲ್ಲಿ ಕೊಟ್ಟ ಸಂಖ್ಯೆ ಬೀಜ (ಸೀಡ್) ಆಗುತ್ತದೆ, ಅಂದರೆ ಲೆಕ್ಕ ಅದರಿಂದಲೇ ಶುರು. ಅಕ್ಕಪಕ್ಕದ ಬೀಜಗಳಿಗೆ ಅಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆ ಬರುತ್ತದೆ: ರ್‍ಯಾಂಡ್(1) ಕೊಡುವುದು 0.71359, ರ್‍ಯಾಂಡ್(2) ಕೊಡುವುದು 0.71361. ಐಡಿ 640 ತಲುಪಿದರೂ ಬೆಲೆ 0.73 ದಾಟುವುದಿಲ್ಲ. ನಾಲ್ಕರಿಂದ ಗುಣಿಸಿ, ದಶಾಂಶ ಬಿಟ್ಟು, ಒಂದು ಕೂಡಿಸಿ. ಎಲ್ಲರಿಗೂ 3.

ಯಾವಾಗಲೂ 1ನೇ ತಂಡವೇ ಬರುತ್ತಿದ್ದರೆ ರ್‍ಯಾಂಡಮ್ ಫಂಕ್ಷನ್ ಮೇಲೆ ಅನುಮಾನ ಬೇಡ. ಎನ್‌ಟೈಲ್ (ಪಟ್ಟಿಯನ್ನು ಸಮ ಪಾಲು ಮಾಡುವ ಫಂಕ್ಷನ್) ಬಳಸಿದ ಕ್ವೆರಿಯಲ್ಲಿ ಪಾರ್ಟಿಷನ್ ಬೈ ಐಡಿ, ಅಂದರೆ ಐಡಿವಾರು ಬಿಡಿಸು, ಎಂದು ಉಳಿದುಬಿಟ್ಟಿದೆಯಾ ನೋಡಿ. ಹಾಗಿದ್ದರೆ ಒಬ್ಬೊಬ್ಬರೂ ಒಂದೊಂದು ಪ್ರತ್ಯೇಕ ಪಟ್ಟಿ ಆಗುತ್ತಾರೆ, ಅವರವರ ಪಟ್ಟಿಯಲ್ಲಿ ಅವರೇ ಮೊದಲಿಗರು. ಅದೂ ಇಲ್ಲದಿದ್ದರೆ ಅಪ್‌ಡೇಟ್‌ನಲ್ಲಿ ಎನ್‌ಟೈಲ್ ಇರುವ ಒಳಕ್ವೆರಿಯ ಐಡಿಯನ್ನು ಮೂಲ ಟೇಬಲ್‌ನ ಐಡಿಗೆ ಹೊಂದಿಸುವ ವೇರ್ ಸಾಲು ಬಿಟ್ಟುಹೋಗಿರುತ್ತದೆ. ಪೋಸ್ಟ್‌ಗ್ರೆಸ್ ಆಗ ಪ್ರತಿ ಸದಸ್ಯರಿಗೂ 640 ಸಾಲುಗಳನ್ನೂ ಜೋಡಿಸಿ, ಅದರಲ್ಲಿ ಯಾವುದೋ ಒಂದನ್ನು ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲು ಸಿಕ್ಕಿದ್ದನ್ನೇ. ಬೆಳಗಾವಿ ಹುಡುಗನ ಕ್ವೆರಿಯಲ್ಲಿ ಆಗಿದ್ದೂ ಇದೇ: ಎನ್‌ಟೈಲ್ ಸರಿ, ರ್‍ಯಾಂಡಮ್ ಸರಿ, ಕೊನೆಯ ಸಾಲು ಕಾಪಿ ಮಾಡುವಾಗ ಉದುರಿತ್ತು.

160, 120, 90, 68, ಮತ್ತು 202 ಜನ ಎಲ್ಲೂ ಇಲ್ಲ

ಈ ಇಳಿಜಾರಿನ ಎಣಿಕೆ ಕಂಡರೆ ನೀವು ಎಸ್‌ಕ್ಯುಎಲ್ ಸರ್ವರ್‌ನಲ್ಲಿದ್ದೀರಿ, ಕ್ವೆರಿಯಲ್ಲಿ ಕೇಸ್ (ಇದಾದರೆ ಇದು, ಅದಾದರೆ ಅದು ಎನ್ನುವ ಷರತ್ತು) ಇದೆ. ತಂಡದ ಅಂಕಿಯ ಬದಲು ನೇರವಾಗಿ ಹೆಸರೇ ಬರಲಿ ಎಂದು ಹೀಗೆ ಬರೆದಿರುತ್ತಾರೆ: ಕೇಸ್, ನ್ಯೂಐಡಿಯಿಂದ ಹುಟ್ಟಿದ 0ರಿಂದ 3ರ ಸಂಖ್ಯೆ, ವೆನ್ 0 ದೆನ್ 'ಕಾವೇರಿ', ವೆನ್ 1 ದೆನ್ 'ಕೃಷ್ಣಾ', ಹೀಗೆ ನಾಲ್ಕು. ನಾಲ್ಕರಲ್ಲಿ ಒಂದು ಹೊಂದಲೇಬೇಕಲ್ವಾ? ಆದರೂ ಮೂರರಲ್ಲಿ ಒಂದು ಪಾಲಿನಷ್ಟು ಜನರಿಗೆ ನಲ್ (ಖಾಲಿ ಬೆಲೆ) ಬರುತ್ತದೆ.

ಒಳಗೆ ನಡೆಯುವುದು ಇಷ್ಟು. ಎಸ್‌ಕ್ಯುಎಲ್ ಸರ್ವರ್ ಈ ಕೇಸನ್ನು ಬಿಡಿಸಿ ಬರೆದುಕೊಳ್ಳುತ್ತದೆ: ಸಂಖ್ಯೆ 0 ಆದರೆ ಕಾವೇರಿ, ಸಂಖ್ಯೆ 1 ಆದರೆ ಕೃಷ್ಣಾ ಎಂದು. ಬಿಡಿಸುವಾಗ ನ್ಯೂಐಡಿ ಕೂಡ ನಾಲ್ಕು ಕಡೆ ಕಾಪಿ ಆಗುತ್ತದೆ. ಅಂದರೆ ಪ್ರತಿ ವೆನ್‌ಗೂ ಹೊಸ ಸಂಖ್ಯೆ. ಕಾವೇರಿಗೆ 640ರಲ್ಲಿ ಕಾಲು ಭಾಗ, 160. ಉಳಿದ 480ರಲ್ಲಿ ಕಾಲು ಭಾಗ ಕೃಷ್ಣಾಕ್ಕೆ, 120. ಉಳಿದ 360ರಲ್ಲಿ ಕಾಲು ಭಾಗ 90. ಉಳಿದ 270ರಲ್ಲಿ 68. ಕೊನೆಗೆ ಉಳಿದ 202 ಜನರಿಗೆ ನಾಲ್ಕು ಸಲವೂ ಹೊಂದಲಿಲ್ಲ, ಅವರಿಗೆ ನಲ್. ಪಟ್ಟಿಯಿಂದ ಇಷ್ಟನೆಯದು ಎಂದು ಆರಿಸುವ ಚೂಸ್ ಬಳಸಿದರೂ ಇದೇ ಕಥೆ, ಅದೂ ಒಳಗೆ ಕೇಸ್ ಆಗಿಯೇ ಬದಲಾಗುತ್ತದೆ.

ನಲ್ ಕಂಡವರು ಗಾಬರಿಯಾಗಿ ಕೊನೆಗೆ ಎಲ್ಸ್ 'ಶರಾವತಿ' ಸೇರಿಸುತ್ತಾರೆ. ನಲ್ ಮಾಯ ಆಗುತ್ತದೆ, ದೋಷ ಅಲ್ಲೇ ಇರುತ್ತದೆ. ಆಗ ಎಣಿಕೆ 160, 120, 90, 270. ಹಗ್ಗಜಗ್ಗಾಟದಲ್ಲಿ ಶರಾವತಿಯನ್ನು ಯಾರೂ ಅಲ್ಲಾಡಿಸಲಾರರು. ಈ ರೂಪ ನಲ್ ಇರುವುದಕ್ಕಿಂತ ಅಪಾಯದ್ದು, ಏಕೆಂದರೆ ಖಾಲಿ ಜಾಗ ಕಾಣದಿದ್ದರೆ ಎಣಿಸಲು ಯಾರೂ ಹೋಗುವುದಿಲ್ಲ.

ಪರಿಹಾರ: ಸಂಖ್ಯೆಯನ್ನು ಮೊದಲು ಕಾಲಂನಲ್ಲಿ ಅಥವಾ ತಾತ್ಕಾಲಿಕ ಟೇಬಲ್‌ನಲ್ಲಿ ಬರೆದಿಡಿ. ಹೆಸರು ಹಚ್ಚುವುದು ಅದಾದ ಮೇಲೆ, ಬೇರೆ ಕ್ವೆರಿಯಲ್ಲಿ. ಸಂಖ್ಯೆಯನ್ನು ಒಳಗಿನ ಕ್ವೆರಿಗೆ ತಳ್ಳಿ ಹೊರಗೆ ಕೇಸ್ ಇಟ್ಟರೆ ಸಾಕು ಎಂದು ಹೇಳುವವರಿದ್ದಾರೆ. ನಂಬಬೇಡಿ. ಎರಡನ್ನೂ ಸೇರಿಸಿ ಒಂದೇ ಮಾಡುವ ಸ್ವಾತಂತ್ರ್ಯ ಡೇಟಾಬೇಸ್‌ಗೆ ಇದೆ.

ಗುಂಪು ಏಳಾದರೆ, ಅಂಚಿನವು ಸೊರಗಿದರೆ

ಇವೆರಡೂ ಲೆಕ್ಕದ ತಪ್ಪು, ಬೇಗ ಮುಗಿಸಬಹುದು.

ನಾಲ್ಕು ಕೇಳಿದರೆ ಏಳು ಗುಂಪು ಬಂದಿದೆ, ಮೈನಸ್ 3ರಿಂದ 3ರವರೆಗೆ. 0ಕ್ಕೆ 160 ಜನ, ಉಳಿದ ಆರಕ್ಕೂ ತಲಾ 80ರ ಆಸುಪಾಸು. ನ್ಯೂಐಡಿಯನ್ನು ಸಂಖ್ಯೆಯಾಗಿಸುವ ಚೆಕ್‌ಸಮ್(ನ್ಯೂಐಡಿ()) ಋಣ ಸಂಖ್ಯೆಯನ್ನೂ ಕೊಡುತ್ತದೆ, ಋಣ ಸಂಖ್ಯೆಯ ಶೇಷವೂ ಅಲ್ಲಿ ಋಣವೇ. ಮೈನಸ್ ತೆಗೆದುಹಾಕುವ ಎಬಿಎಸ್ ಹಾಕಬೇಕು. ಎಲ್ಲಿ ಹಾಕುತ್ತೀರಿ ಎಂಬುದೂ ಮುಖ್ಯ: ಮೊದಲು ನಾಲ್ಕರಿಂದ ಭಾಗಿಸಿ ಶೇಷ ತೆಗೆದು, ಆ ಶೇಷಕ್ಕೆ ಎಬಿಎಸ್ ಹಾಕಿ. ಉಲ್ಟಾ ಮಾಡಿದರೆ, ಮೈನಸ್ 2147483648 ಬಂದ ದಿನ ಕ್ವೆರಿ ಓವರ್‌ಫ್ಲೋ ಎಂದು ಮುಗ್ಗರಿಸುತ್ತದೆ. 32 ಬಿಟ್‌ನ ಇಂಟಿಜರ್‌ನಲ್ಲಿ (ಪೂರ್ಣ ಸಂಖ್ಯೆ) ಅದರ ಧನ ಜೋಡಿಗೆ ಜಾಗವೇ ಇಲ್ಲ. ಸುಮಾರು 430 ಕೋಟಿಗೆ ಒಂದು ಸಲದ ಸಾಧ್ಯತೆ, ನಿಜ. ಬಳಗದ ಪಟ್ಟಿಗೆ ಚಿಂತೆ ಇಲ್ಲ. ದಿನಕ್ಕೆ ಕೋಟಿಗಟ್ಟಲೆ ಸಾಲು ಹಂಚುವ ಕಡೆ ಅದು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಎಸ್‌ಕ್ಯುಲೈಟ್ ಎಂಬ ಇನ್ನೊಂದು ಡೇಟಾಬೇಸ್‌ನ ರ್‍ಯಾಂಡಮ್() ಕೂಡ ಋಣ ಸಂಖ್ಯೆ ಕೊಡುತ್ತದೆ, ಅಲ್ಲೂ ಇದೇ ಕ್ರಮ.

ಎಣಿಕೆ 107, 213, 213, 107 ಎಂದು ಬಂದರೆ ಫ್ಲೋರ್ ಇರಬೇಕಾದ ಕಡೆ ರೌಂಡ್ (ಹತ್ತಿರದ ಪೂರ್ಣ ಸಂಖ್ಯೆಗೆ ಒಯ್ಯುವುದು) ಇದೆ. ರೌಂಡ್(ರ್‍ಯಾಂಡ್() * 3) ಎಂದಾಗ 0 ಸಿಗುವುದು ಅರ್ಧಕ್ಕಿಂತ ಕಡಿಮೆ ಬಂದಾಗ ಮಾತ್ರ, 3 ಸಿಗುವುದು ಎರಡೂವರೆ ದಾಟಿದಾಗ ಮಾತ್ರ. ನಡುವಿನ ಎರಡಕ್ಕೆ ಪೂರ್ತಿ ಒಂದು ಅಳತೆ, ಅಂಚಿನ ಎರಡಕ್ಕೆ ಅರ್ಧ. ಪೋಸ್ಟ್‌ಗ್ರೆಸ್‌ನಲ್ಲಿ ರೌಂಡ್ ಬರೆಯದೆಯೂ ಈ ದೋಷ ಬರುತ್ತದೆ: ದಶಾಂಶ ಸಂಖ್ಯೆಯನ್ನು ಇಂಟಿಜರ್‌ಗೆ ಬದಲಿಸಿದರೆ ಅದು ತಾನಾಗಿಯೇ ಹತ್ತಿರದ ಸಂಖ್ಯೆಗೆ ಜಾರುತ್ತದೆ, ಕತ್ತರಿಸುವುದಿಲ್ಲ.

ಒಟ್ಟು ಎಣಿಕೆ 640 ದಾಟಿದರೆ ರ್‍ಯಾಂಡಮ್‌ಗೂ ಅದಕ್ಕೂ ಸಂಬಂಧ ಇಲ್ಲ. ಫೋನ್ ನಂಬರಿನ ಟೇಬಲ್ ಜೋಡಿಸಿರುತ್ತೀರಿ, ಎರಡು ನಂಬರ್ ಇದ್ದವರು ಎರಡು ಸಲ ಬಂದಿರುತ್ತಾರೆ.

ಎಣಿಕೆ ಸರಿಯಿದೆ, ಆದರೂ ಏನೋ ಸರಿಯಿಲ್ಲ

ಹಿಡಿಯಲು ಕಷ್ಟವಾದ ದೋಷಗಳು ಇಲ್ಲಿವೆ.

ಮೈಎಸ್‌ಕ್ಯುಎಲ್‌ನಲ್ಲಿ ಪ್ರತಿ ಸಲ ಅದೇ ಫಲಿತಾಂಶ ಬರಲಿ ಎಂಬ ಒಳ್ಳೆಯ ಉದ್ದೇಶದಿಂದ ಫ್ಲೋರ್(ರ್‍ಯಾಂಡ್(ಐಡಿ) * 4) + 1 ಎಂದು ಬರೆದರು ಅಂದುಕೊಳ್ಳಿ. ಎಣಿಸಿದರೆ ನಾಲ್ಕೂ ತಂಡ 160ರ ಹತ್ತಿರ. ಸಮಿತಿಗೆ ಖುಷಿ. ಈಗ ಐಡಿ ಪ್ರಕಾರ ಸಾಲಾಗಿ ನೋಡಿ. ರ್‍ಯಾಂಡ್(1) 0.405, ರ್‍ಯಾಂಡ್(2) 0.656, ರ್‍ಯಾಂಡ್(3) 0.906, ರ್‍ಯಾಂಡ್(4) 0.156, ರ್‍ಯಾಂಡ್(5) 0.406. ಪ್ರತಿ ಹೆಜ್ಜೆಗೂ ಕಾಲು ಭಾಗ ಮುಂದೆ! ತಂಡಗಳು ಕೃಷ್ಣಾ, ತುಂಗಾ, ಶರಾವತಿ, ಕಾವೇರಿ, ಮತ್ತೆ ಕೃಷ್ಣಾ ಎಂದು ಸರದಿಯಲ್ಲಿ ಸುತ್ತುತ್ತವೆ. ಮುಂದೆ ಎಲ್ಲೋ ಒಂದು ಕಡೆ ಸರದಿ ಒಂದು ಹೆಜ್ಜೆ ಜಾರುತ್ತದೆ, ಅಷ್ಟೆ. ಇದು ರ್‍ಯಾಂಡಮ್ ಅಲ್ಲ, ಐಡಿಯನ್ನು ನಾಲ್ಕರಿಂದ ಭಾಗಿಸಿ ಶೇಷ ತೆಗೆದ ಹಾಗೇ.

ಸರದಿ ಆದರೆ ತಪ್ಪೇನು? ಬಳಗದ ಪಟ್ಟಿಯಲ್ಲಿ ಹೆಸರು ಸೇರಿದ್ದು ಮನೆಮನೆಯಾಗಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅದೇ ಕ್ರಮದಲ್ಲಿ ನಾಲ್ಕು ಐಡಿ. ಸರದಿಯಲ್ಲಿ ಹಂಚಿದರೆ ಒಂದೇ ಮನೆಯ ಗಂಡ ಹೆಂಡತಿ ಒಂದು ತಂಡದಲ್ಲಿ ಬೀಳುವುದೇ ಇಲ್ಲ. ನಾಲ್ಕು ಜನರ ಮನೆಗಳೇ ಹೆಚ್ಚಿದ್ದರೆ ಒಂದು ತಂಡದಲ್ಲಿ ಪೂರ್ತಿ ಅಪ್ಪಂದಿರು, ಇನ್ನೊಂದರಲ್ಲಿ ಪೂರ್ತಿ ಮಕ್ಕಳು ತುಂಬಿಕೊಳ್ಳಬಹುದು. ಔಷಧಿ ಪರೀಕ್ಷೆಗೋ, ಹೊಸ ವೆಬ್‌ಪುಟದ ಪ್ರಯೋಗಕ್ಕೋ ಹೀಗೆ ಹಂಚಿದರೆ ಫಲಿತಾಂಶವೇ ಹಾಳು. ಐಡಿ ಮತ್ತು ತಂಡವನ್ನು ಅಕ್ಕಪಕ್ಕ ಇಟ್ಟು ಮೊದಲ ಇಪ್ಪತ್ತು ಸಾಲು ಕಣ್ಣಾಡಿಸಿದರೆ ಸಾಕು, ಸರದಿ ಎದ್ದು ಕಾಣುತ್ತದೆ.

ಪ್ರತಿ ಸಲ ಅದೇ ಫಲಿತಾಂಶ ನಿಜವಾಗಿಯೂ ಬೇಕಿದ್ದರೆ ಹ್ಯಾಶ್ ಬಳಸಿ, ಅಂದರೆ ಒಂದು ಪದಕ್ಕೆ ಯಾವಾಗಲೂ ಒಂದೇ ಕಲಸಿದ ಬೆಲೆ ಕೊಡುವ ಫಂಕ್ಷನ್. ಐಡಿಯ ಜೊತೆ 'ರಾಜ್ಯೋತ್ಸವ' ಎಂಬಂಥ ಒಂದು ಪದ ಸೇರಿಸಿ ಎಂಡಿ5 ಎಂಬ ಹ್ಯಾಶ್ ತೆಗೆಯಿರಿ. ಅದರ ಮೊದಲ ಎಂಟು ಅಕ್ಷರವನ್ನು ಸಂಖ್ಯೆಯಾಗಿ ಬದಲಿಸಿ, ನಾಲ್ಕರಿಂದ ಭಾಗಿಸಿದ ಶೇಷಕ್ಕೆ ಒಂದು ಕೂಡಿಸಿ. ಮುಂದಿನ ವರ್ಷ ಪದ ಬದಲಿಸಿದರೆ ತಂಡಗಳೂ ಹೊಸದಾಗುತ್ತವೆ.

ಎರಡನೆಯದು ಇನ್ನೂ ಜಾಣ ದೋಷ. ತಂಡದ ಲೆಕ್ಕವನ್ನು ಕಾಲಂನಲ್ಲಿ ಬರೆದಿಡದೆ ವ್ಯೂ (ಹೆಸರು ಕೊಟ್ಟು ಉಳಿಸಿದ, ಕೇಳಿದಾಗಲೆಲ್ಲ ಮತ್ತೆ ಓಡುವ ಕ್ವೆರಿ) ಒಳಗೆ ಇಟ್ಟಿದ್ದಾರೆ. ನಾಲ್ಕು ನಾಯಕರಿಗೆ ನಾಲ್ಕು ಪಟ್ಟಿ ಬೇಕು, ಹಾಗಾಗಿ ವ್ಯೂ ಮೇಲೆ ನಾಲ್ಕು ಕ್ವೆರಿ ಓಡಿಸಿದರು. ಪ್ರತಿ ಪಟ್ಟಿಯಲ್ಲೂ ಕರೆಕ್ಟಾಗಿ 160 ಹೆಸರು. ಕೂಡಿದರೆ 640. ಎಲ್ಲ ಸರಿ ತಾನೇ? ಆದರೆ ಪ್ರತಿ ಕ್ವೆರಿಗೂ ವ್ಯೂ ಹೊಸದಾಗಿ ಹಂಚಿರುತ್ತದೆ. ಕೆಲವರು ಎರಡು ಪಟ್ಟಿಯಲ್ಲಿ, ಕೆಲವರು ಮೂರರಲ್ಲಿ, ಮತ್ತೆ ಸುಮಾರು 202 ಜನ ಯಾವುದರಲ್ಲೂ ಇಲ್ಲ. ಮೇಲಿನ ಕೇಸ್ ಲೆಕ್ಕವೇ ಇಲ್ಲೂ: ನಾಲ್ಕು ಸಲವೂ ತಪ್ಪಿಸಿಕೊಂಡವರು. ಇದನ್ನು ಹಿಡಿಯಲು ತಂಡವಾರು ಎಣಿಸಿದರೆ ಸಾಲದು, ನಾಲ್ಕೂ ಪಟ್ಟಿ ಸೇರಿಸಿ ಬೇರೆ ಬೇರೆ ಐಡಿ ಎಷ್ಟಿವೆ ಎಂದು ಎಣಿಸಬೇಕು. 640ರ ಬದಲು 438ರ ಹತ್ತಿರ ಬಂದರೆ ಇದೇ ರೋಗ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ವಿತ್ ಎಂದು ಶುರುವಾಗುವ ಒಳಕ್ವೆರಿಯನ್ನು ಎರಡು ಕಡೆ ಬಳಸಿದರೂ ಹೀಗಾಗಬಹುದು. ಹಂಚಿಕೆ ಒಂದೇ ಸಲ ಆಗಲಿ, ಆದ ಕೂಡಲೇ ಕಾಲಂನಲ್ಲಿ ಕೂರಲಿ.

ದೂರು ಬಂದಿದೆ, ದೋಷ ಇಲ್ಲ

148, 171, 157, 164 ಎಂದು ಬಂತು. "ಸಮ ಇಲ್ಲವಲ್ಲ" ಎಂದು ಸಮಿತಿಯ ಹಿರಿಯರು ತಗಾದೆ ತೆಗೆದರು. ಸಾಲಿಗೊಂದು ರ್‍ಯಾಂಡಮ್ ಸಂಖ್ಯೆ ಹಾಕಿದರೆ ಬರುವುದೇ ಹೀಗೆ. 640 ಜನ, ನಾಲ್ಕು ತಂಡ ಅಂದಾಗ ಒಂದು ತಂಡದ ಏರುಪೇರಿನ ಅಳತೆ (ಸ್ಟ್ಯಾಂಡರ್ಡ್ ಡೀವಿಯೇಷನ್) ಸುಮಾರು 11. ಅದರ ಎರಡರಷ್ಟು, ಅಂದರೆ 138ರಿಂದ 182ರವರೆಗೆ ಏನು ಬಂದರೂ ತಲೆ ಕೆಡಿಸಿಕೊಳ್ಳಬೇಡಿ. ಹಿಂಜವಡಿ ಬಡಾವಣೆಯ ಐದು ಜನ ಗೆಳೆಯರು ಒಂದೇ ತಂಡಕ್ಕೆ ಬಿದ್ದರು ಎಂಬುದೂ ದೋಷವಲ್ಲ. ಅಂಥದ್ದು ಎಂದೂ ಆಗದ ಹಂಚಿಕೆಯ ಮೇಲೆಯೇ ಅನುಮಾನ ಪಡಬೇಕು.

ಆದರೆ ಹಿರಿಯರು ಕೇಳಿದ್ದು ಬೇರೆ, ಅದು ನ್ಯಾಯವೂ ಹೌದು. ಆಟಕ್ಕೆ ತಂಡಗಳು ಸಮ ಇರಬೇಕು. ಅದಕ್ಕೆ ಬೇಕಿರುವ ಕ್ವೆರಿಯೇ ಬೇರೆ. ಸಾಲಿಗೊಂದು ಸಂಖ್ಯೆ ಹಾಕುವ ಬದಲು, ಇಸ್ಪೀಟ್ ಎಲೆ ಕಲಸಿ ಹಂಚಿದ ಹಾಗೆ ಇಡೀ ಪಟ್ಟಿಯನ್ನು ಕಲಸಿ ನಾಲ್ಕು ಪಾಲು ಮಾಡಬೇಕು:

ಎನ್‌ಟೈಲ್(4) ಓವರ್ (ಆರ್ಡರ್ ಬೈ ನ್ಯೂಐಡಿ())

ಮೈಎಸ್‌ಕ್ಯುಎಲ್ ಆದರೆ ನ್ಯೂಐಡಿ ಜಾಗದಲ್ಲಿ ರ್‍ಯಾಂಡ್(), ಪೋಸ್ಟ್‌ಗ್ರೆಸ್ ಆದರೆ ರ್‍ಯಾಂಡಮ್(). ಈಗ ಕರೆಕ್ಟಾಗಿ ತಲಾ 160. ಜನ 642 ಆದರೆ 161, 161, 160, 160: ಮಿಕ್ಕವರು ಯಾವಾಗಲೂ ಮೊದಲ ತಂಡಗಳಿಗೇ ಹೋಗುತ್ತಾರೆ.

ಇದನ್ನು ನೇರವಾಗಿ ಅಪ್‌ಡೇಟ್‌ನ ಸೆಟ್ ಭಾಗದಲ್ಲಿ ಬರೆದರೆ ಎರರ್ ಬರುತ್ತದೆ, ಎನ್‌ಟೈಲ್‌ನಂಥ, ಓವರ್ ಜೊತೆ ಬರುವ ವಿಂಡೋ ಫಂಕ್ಷನ್‌ಗೆ ಅಲ್ಲಿ ಪ್ರವೇಶ ಇಲ್ಲ. ಐಡಿ ಮತ್ತು ಎನ್‌ಟೈಲ್ ಎರಡನ್ನೂ ಒಳಕ್ವೆರಿಯಲ್ಲಿ ತೆಗೆದು, ಐಡಿಯಿಂದ ಮೂಲ ಟೇಬಲ್‌ಗೆ ಜೋಡಿಸಿ ಅಪ್‌ಡೇಟ್ ಮಾಡಿ. ಆ ಜೋಡಿಸುವ ಸಾಲು ಬಿಟ್ಟರೆ ಏನಾಗುತ್ತದೆ ಎಂದು ಮೇಲೆ ನೋಡಿದ್ದೀರಿ. ಎನ್‌ಟೈಲ್ ಎಂಬ ಫಂಕ್ಷನ್ನೇ ಇಲ್ಲ ಎಂದರೆ ನಿಮ್ಮ ಹೋಸ್ಟಿಂಗ್‌ನಲ್ಲಿ ಇನ್ನೂ ಮೈಎಸ್‌ಕ್ಯುಎಲ್ 5.7 ಅಥವಾ ಅದಕ್ಕೂ ಹಳೆಯದು ಇರಬಹುದು. ವಿಂಡೋ ಫಂಕ್ಷನ್ ಬಂದದ್ದು 2018ರ 8.0ರಲ್ಲಿ. ಹಳೆಯದರಲ್ಲಿ, ತಾನಾಗಿ ಏರುವ ನಂಬರ್ ಇರುವ ಹೊಸ ಟೇಬಲ್ ಮಾಡಿ, ಆರ್ಡರ್ ಬೈ ರ್‍ಯಾಂಡ್() ಜೊತೆ ಐಡಿಗಳನ್ನು ಅದಕ್ಕೆ ತುಂಬಿ, ಆ ನಂಬರನ್ನು ನಾಲ್ಕರಿಂದ ಭಾಗಿಸಿದ ಶೇಷಕ್ಕೆ ಒಂದು ಕೂಡಿಸಿ.

ಬಡಾವಣೆವಾರು ಹಂಚಿದಾಗ

ಹಿಂಜವಡಿ, ನಿಗಡಿ, ಕೋಥ್ರೂಡ್, ಖರಾಡಿ, ಹಡಪ್ಸರ್, ಹೀಗೆ ಪ್ರತಿ ಬಡಾವಣೆಯವರೂ ನಾಲ್ಕೂ ತಂಡದಲ್ಲಿ ಸಮನಾಗಿ ಇರಬೇಕು ಎಂದರೆ ಪಾರ್ಟಿಷನ್ ಬೈ ಬಡಾವಣೆ ಸೇರಿಸುತ್ತಾರೆ. ತೊಂದರೆ ಮಿಕ್ಕವರದ್ದು. ಏಳು ಬಡಾವಣೆಯಲ್ಲೂ ನಾಲ್ಕರಿಂದ ಭಾಗಿಸಿ ಒಬ್ಬೊಬ್ಬರು ಉಳಿದರೆ, ಆ ಏಳೂ ಜನ ಕಾವೇರಿಗೇ. ತಂಡ ಜಾಸ್ತಿ, ಬಡಾವಣೆ ಜಾಸ್ತಿ ಆದಷ್ಟೂ ಮೊದಲ ತಂಡ ಉಬ್ಬುತ್ತದೆ. ಪಾರ್ಟಿಷನ್ ತೆಗೆದು, ರೋ_ನಂಬರ್() ಓವರ್ (ಆರ್ಡರ್ ಬೈ ಬಡಾವಣೆ, ರ್‍ಯಾಂಡಮ್()) ಎಂದು ಇಡೀ ಪಟ್ಟಿಗೆ ಒಂದೇ ಓಟದಲ್ಲಿ ನಂಬರ್ ಕೊಡಿ. ಅದನ್ನು ನಾಲ್ಕರಿಂದ ಭಾಗಿಸಿದ ಶೇಷಕ್ಕೆ ಒಂದು ಕೂಡಿಸಿದರೆ ತಂಡ. ಒಂದು ಬಡಾವಣೆ ಮುಗಿದ ಕಡೆಯಿಂದಲೇ ಮುಂದಿನದರ ಎಣಿಕೆ ಶುರು ಆಗುವುದರಿಂದ ಒಟ್ಟಿನಲ್ಲೂ, ಬಡಾವಣೆಯೊಳಗೂ ಒಬ್ಬರಿಗಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

ಹಂಚಿಕೆ ಆದ ಮೇಲೆ ಹೆಸರು ಕೊಡುವವರು ಇದ್ದೇ ಇರುತ್ತಾರೆ. ಅವರಿಗಾಗಿ ಪೂರ್ತಿ ಕ್ವೆರಿಯನ್ನು ಮತ್ತೆ ಓಡಿಸಿದರೆ ಟೀ ಶರ್ಟ್ ಹಂಚಿ ಮುಗಿದವರ ತಂಡವೂ ಬದಲಾಗುತ್ತದೆ. ಅಪ್‌ಡೇಟ್‌ಗೆ ವೇರ್ ತಂಡ ಈಸ್ ನಲ್ ಎಂಬ ಷರತ್ತು ಹಾಕಿ, ಅದೇ ಷರತ್ತು ಒಳಕ್ವೆರಿಯಲ್ಲೂ ಇರಲಿ. ಇಲ್ಲದಿದ್ದರೆ ಹೊಸಬರನ್ನು ಹಳಬರ ಜೊತೆ ಸೇರಿಸಿ ಕಲಸುತ್ತದೆ, ಹೊಸಬರಷ್ಟೇ ನೋಡಿದರೆ ಹಂಚಿಕೆ ಓರೆಯಾಗುತ್ತದೆ. ಬಂದವರು ಎರಡು ಮೂರು ಜನ ಮಾತ್ರ ಆದರೆ ಕ್ವೆರಿಯ ಗೊಡವೆ ಬೇಡ. ಎಣಿಕೆಯಲ್ಲಿ ಕಡಿಮೆ ಇರುವ ತಂಡಕ್ಕೆ ಕೈಯಲ್ಲೇ ಸೇರಿಸಿ.